ಗಂಟೆಗೆ ಐವತ್ತೇ ನಿಮಿಷ

ಸೌತಾಂಪ್ಟನ್ ಪಕ್ಕದ ಹ್ಯಾಂಬಲ್ ನದಿಯಲ್ಲಿ ಸಾಲಾಗಿ ಕಟ್ಟಿರುವ ದೋಣಿಗಳ ನಡುವೆ ನಮ್ಮದೂ ಒಂದಿದೆ. ಹುಟ್ಟಿದ್ದು ಅಮೆರಿಕದಲ್ಲಿ. ಯಾರೋ ಪುಣ್ಯಾತ್ಮರು ಅಟ್ಲಾಂಟಿಕ್ ದಾಟಿಸಿ ಇಲ್ಲಿಯವರೆಗೆ ತಂದು, ಸಾಕೆನಿಸಿ, ಅಗ್ಗಕ್ಕೆ ಮಾರಿದರು. ಹಾಯಿ ಗಟ್ಟಿಯಿತ್ತು, ತಳ ಗಟ್ಟಿಯಿತ್ತು, ಎಂಜಿನ್ನು ಕೆಮ್ಮಿದರೂ ಓಡುತ್ತಿತ್ತು. ಕರೆಂಟು ಮಾತ್ರ ಇನ್ನೂ ಅಮೆರಿಕದಲ್ಲೇ ಇತ್ತು.

ಒಳಗಿನ ಸಾಮಾನೆಲ್ಲ 120 ವೋಲ್ಟು, 60 ಹರ್ಟ್ಸ್ ಬೇಡುವಂಥವು. ದಡದ ಕಂಬದಲ್ಲಿ ಸಿಗುವುದು 230 ವೋಲ್ಟು, 50 ಹರ್ಟ್ಸ್. ಅಮೆರಿಕದವರ ತಿರುಚಿ ಹಾಕುವ ಪ್ಲಗ್ಗು 30 ಆಂಪಿನದು, ಇಲ್ಲಿಯ ನೀಲಿ ಪ್ಲಗ್ಗು 16 ಆಂಪಿನದು. ಗುಣಿಸಿ ನೋಡಿದರೆ ಅದು 3600 ವ್ಯಾಟ್, ಇದು 3680. ಜಾತಕ ಇಷ್ಟು ಚೆನ್ನಾಗಿ ಕೂಡಿಬಂದಾಗ ಉಳಿದದ್ದೂ ಹೊಂದಿಕೊಳ್ಳದೆ ಎಲ್ಲಿ ಹೋದೀತು ಅಂತ ನನಗೆ ಹುರುಪು ಬಂತು. ಹಾಗೆಂದು ದಡದ ವೈರನ್ನು ನೇರ ಸಿಕ್ಕಿಸುವಂತಿಲ್ಲ. ನೀರು ಕಾಯಿಸುವ 1500 ವ್ಯಾಟಿನ ಹೀಟರು ಐದೂವರೆ ಸಾವಿರ ವ್ಯಾಟ್ ಎಳೆಯಲು ಹೋಗಿ ಅಲ್ಲೇ ಶಿವನ ಪಾದ ಸೇರುತ್ತದೆ.

ಬುದ್ಧಿ ನೆಟ್ಟಗಿದ್ದವರಿಗೆ ಸುಲಭದ ದಾರಿಯೊಂದಿದೆ. ಯಾವ ದೇಶದ ಕರೆಂಟನ್ನಾದರೂ ನುಂಗುವ ಚಾರ್ಜರ್ ಒಂದನ್ನು ತಂದು ಬ್ಯಾಟರಿ ತುಂಬಿಸುವುದು, ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಅಪ್ಪಟ ಅಮೆರಿಕನ್ ಕರೆಂಟು ಮಾಡಿಕೊಳ್ಳುವುದು. ದೋಣಿಕಟ್ಟೆಯ ಮೇಲೆ ನಾಯಿ ಹಿಡಿದು ಹೋಗುವ ಪ್ರತಿಯೊಬ್ಬರೂ ನಿಂತು ಇದನ್ನೇ ಹೇಳಿದರು. ಕೇಳದೆ ಹೇಳಿದರು. ನಾನು ತಲೆ ಬಗ್ಗಿಸಿ ಸ್ಕ್ರೂ ತಿರುಗಿಸುವಾಗಲೇ ಹೇಳಿದರು. ಒಬ್ಬರಂತೂ ನಾಯಿಯನ್ನು ನನ್ನ ಕೈಗೆ ಕೊಟ್ಟು ಒಳಗಿಳಿದು ನೋಡಿ ಬಂದು ಹೇಳಿದರು. ಇಷ್ಟು ಜನ ಸರಿ ಎನ್ನುವ ದಾರಿ ಹಿಡಿಯುವುದಕ್ಕೆ ದೋಣಿ ಯಾಕೆ ಬೇಕು? ಮನೆಯಲ್ಲೇ ಇರಬಹುದಲ್ಲ.

ಇನ್ನು ಅಂಗಡಿಯವರ ಕಥೆ. ಅದೇ ತಾಮ್ರದ ವೈರಿಗೆ ತವರ ಲೇಪಿಸಿ, ಹಿಂದೆ 'ಮರೀನ್' ಅಂತ ಸೇರಿಸಿದರೆ ಬೆಲೆ ಮೂರು ಪಟ್ಟು. ವೋಲ್ಟು ಇಳಿಸಲು ಬೇಕಾದ ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಬೆಲೆ ಕೇಳಿದ ದಿನ ನಾನು ಅಂಗಡಿಯವರ ಮುಖವನ್ನೇ ನೋಡಿದೆ. ಅವರು ಗಂಭೀರವಾಗಿಯೇ ಇದ್ದರು.

ಈ ಹೊತ್ತಿಗೆ ಸರಿಯಾಗಿ ಮಾವನವರು ಮಂಡ್ಯದಿಂದ ಬೇಸಿಗೆ ಕಳೆಯಲು ಬಂದಿಳಿದರು. ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿ ಅಲ್ಲೇ ರಿಟೈರ್ ಆದವರು. ಸೂಟ್‌ಕೇಸಿನಲ್ಲಿ ಹುರಿಗಾಳು, ಚಟ್ನಿಪುಡಿ, ಒಂದು ಟೆಸ್ಟರ್. ಮಗಳ ಮನೆಯ ಅಡುಗೆಮನೆಯಲ್ಲಿ ಊರಿನ ಮಿಕ್ಸಿ ತನ್ನ ಪಾಡಿಗೆ ತಾನು ರುಬ್ಬುತ್ತಿರುವುದನ್ನು ಕಂಡು ಸಂತೋಷಪಟ್ಟರು. ನಮ್ಮ ದುಂಡು ಪಿನ್ನಿನ ಪ್ಲಗ್ಗು ಈ ಊರಿನದೇ ಹಳೆಯ ಪ್ಲಗ್ಗು, ಇವರು ಎಂದೋ ಮನೆಯಿಂದ ಹೊರಗೆ ಹಾಕಿದ್ದನ್ನು ನಾವು ಇನ್ನೂ ಸಾಕುತ್ತಿದ್ದೇವೆ ಅಂದೆ. "ಮತ್ತೆ ದೋಣೀಲಿ ಮಿಕ್ಸಿ ಯಾಕೆ ಓಡಲ್ಲ?" ಅಂದರು. ವಿವರಿಸಿದೆ. ಮಾವ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ದೋಣಿಯ ಪ್ಯಾನೆಲ್ ಬಿಚ್ಚಲು ನಾನು ಕೈ ಹಾಕಿದ್ದೆ. "ತಡೀರಿ ಅಳೀಂದ್ರೆ. ಲೈನ್ ಕ್ಲಿಯರ್ ಕೊಡಿ." ಮೇನ್ ಆಫ್ ಮಾಡಿದ್ದೇನೆ ಮಾವ, ಅಂದೆ. ಸಾಲದು. ನಾನು ಹೋಗಿ ದಡದ ಕಂಬದಿಂದ ನೀಲಿ ಪ್ಲಗ್ಗನ್ನೇ ಕಿತ್ತು, ವೈರು ಎಳೆದುಕೊಂಡು ಬಂದು ಅವರ ಕೈಗೆ ಕೊಡಬೇಕಾಯಿತು. ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೆಲಸಕ್ಕೆ ಕೂತರು. ನಾನು ನಕ್ಕೆ. ಅವರು ನಗಲಿಲ್ಲ. ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತಗೊಂಡು ಕಂಬ ಹತ್ತಿದ್ದ ಹುಡುಗನೊಬ್ಬ, ಯಾವುದೋ ಮಿಲ್ಲಿನವರು ಜನರೇಟರ್ ಹಾಕಿದಾಗ ಕರೆಂಟು ಹಿಂದಿನಿಂದ ಬಂದು, ಕಂಬದ ಮೇಲೇ ಹೋದನಂತೆ. ಕೆಳಗೆ ಏಣಿ ಹಿಡಿದು ನಿಂತಿದ್ದವರು ಇವರು. ಅಷ್ಟು ಹೇಳಿ ಸ್ಕ್ರೂಡ್ರೈವರ್ ಕೇಳಿದರು. ಆಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದ ಮೊಮ್ಮಗಳನ್ನು ಮೇಲಕ್ಕೆ ಕರೆದರು. ಅವರು ಊಹಿಸಿದ್ದು ಸರಿಯೇ. ಸಿಹಿನೀರಿನ ದೋಣಿಕಟ್ಟೆಗಳಲ್ಲಿ ಯಾವುದೋ ದೋಣಿಯಿಂದ ಸೋರಿದ ಕರೆಂಟು ಈಜುವವರ ಕೈಕಾಲು ಕಟ್ಟಿಹಾಕಿ ಮುಳುಗಿಸಿದ್ದುಂಟು. ಮೈಮೇಲೆ ಗುರುತೂ ಇರುವುದಿಲ್ಲ. ಉಪ್ಪುನೀರಿನಲ್ಲಿ ಅಪಾಯ ಕಡಿಮೆ. ಕಡಿಮೆ ಎನ್ನುವುದನ್ನು ಮಾವ ಒಪ್ಪುವುದಿಲ್ಲ.

ಪ್ಯಾನೆಲ್ ತೆರೆಯಿತು. ಒಳಗೆ ಕಪ್ಪು, ಬಿಳಿ, ಹಸಿರು ವೈರು. "ಕಪ್ಪು ನ್ಯೂಟ್ರಲ್ಲು," ಎಂದು ತೀರ್ಪು ಕೊಟ್ಟರು. ಅಲ್ಲ ಮಾವ, ಅಮೆರಿಕದಲ್ಲಿ ಕಪ್ಪೇ ಫೇಸು, ಬಿಳಿ ನ್ಯೂಟ್ರಲ್ಲು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದಲ್ಲೇ ಬ್ಯಾಟರಿಯ ಮೈನಸ್ಸಿಗೂ ಕಪ್ಪು ವೈರೇ ಇರುವುದನ್ನು ತೋರಿಸಿದೆ. ಮುಟ್ಟಿದರೆ ಏನೂ ಆಗದ ಕಪ್ಪು, ಮುಟ್ಟಿದರೆ ಪ್ರಾಣ ಹೋಗುವ ಕಪ್ಪು, ಎರಡೂ ಒಂದೇ ಪೆಟ್ಟಿಗೆಯಲ್ಲಿ. "ಇದನ್ನ ಯಾವ ಇನ್‌ಸ್ಪೆಕ್ಟರ್ ಪಾಸ್ ಮಾಡಿದ?" ಎಂದರು. ಇಂಗ್ಲೆಂಡಿನವರೂ ಕೆಂಪು-ಕಪ್ಪು ಬಿಟ್ಟು 2006ರಿಂದ ಗೋಡೆಯೊಳಗೂ ಕಂದು-ನೀಲಿಗೆ ಹೋಗಿದ್ದಾರೆ ಎಂದಾಗಲಂತೂ, ಕಲಿಸಿದ ಮೇಷ್ಟ್ರೇ ಪಾಠ ಮರೆತರಲ್ಲ ಎಂಬಂತೆ ಕಿಟಕಿಯಾಚೆ ನೋಡಿದರು.

ನಾನು ಒಂದು ಹಳೇ ಹಳದಿ ಪೆಟ್ಟಿಗೆ ಸಂಪಾದಿಸಿದ್ದೆ. ಇಲ್ಲಿ ಕಟ್ಟಡ ಕೆಲಸದವರು ಡ್ರಿಲ್ಲು ಓಡಿಸಲು ಬಳಸುವ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್. ಪರೀಕ್ಷೆಗೆ ಇರಲಿ ಅಂತ ಅದನ್ನೇ ಜೋಡಿಸಿ ಒಂದು ಬಲ್ಬ್ ಹಚ್ಚಿದೆವು. ಹತ್ತಿತು! ಮಾವ ಟೆಸ್ಟರ್ ಹಿಡಿದು ಕಪ್ಪು ವೈರು ಮುಟ್ಟಿದರು. ಮಿನುಗಲಿಲ್ಲ. ಬಿಳಿ ಮುಟ್ಟಿದರು. ಅದರಲ್ಲೂ ಇಲ್ಲ. ಎರಡು ವೈರಿನಲ್ಲೂ ಕರೆಂಟಿಲ್ಲ, ತಲೆಯ ಮೇಲೆ ಬಲ್ಬ್ ಧಗಧಗ. ವಿಷಯ ಏನೆಂದರೆ, ಆ ಹಳದಿ ಪೆಟ್ಟಿಗೆಯನ್ನು ನಡುವಿನಲ್ಲಿ ಅರ್ತಿಗೆ ಕಟ್ಟಿರುತ್ತಾರೆ. ಎರಡೂ ತುದಿ ಅರ್ತಿಗೆ 55 ವೋಲ್ಟು ಮಾತ್ರ. ಟೆಸ್ಟರಿನ ಪುಟ್ಟ ದೀಪಕ್ಕೆ ಅದು ಸಾಲದು. ಇಲ್ಲಿ ನ್ಯೂಟ್ರಲ್ ಎಂಬುದೇ ಇಲ್ಲ, ಎರಡೂ ಅರ್ಧರ್ಧ ಫೇಸು ಎಂದೆ. ಊರಿನಿಂದ ತಂದ ಟೆಸ್ಟರನ್ನು ಅಂಗಿ ಜೇಬಿಗೆ ಸಿಕ್ಕಿಸಿಕೊಂಡು, "ಅದು ಸರಿಯಾಗೇ ಇದೆ" ಎಂದರು.

ಆ ಶುಕ್ರವಾರ ಸಂಜೆ ಆರಕ್ಕೆ ಮೈಕ್ರೋವೇವಿನ ಗಡಿಯಾರ ಸರಿಮಾಡಿ ಮಲಗಿದೆವು. ಅದರಲ್ಲಿ ಅಡುಗೆ ಮಾಡಬೇಡಿ ಎಂದು ಮೊದಲೇ ಕಟ್ಟಪ್ಪಣೆ ಆಗಿತ್ತು. 60 ಹರ್ಟ್ಸಿಗೆಂದು ಮಾಡಿದ ಅದರೊಳಗಿನ ಟ್ರಾನ್ಸ್‌ಫಾರ್ಮರ್ 50ರಲ್ಲಿ ಕಾದು ಕೆಂಡವಾಗುತ್ತದೆ. ಗಡಿಯಾರಕ್ಕೇನು ಧಾಡಿ? ಬೆಳಿಗ್ಗೆ ನಾವು ಏಳು ಗಂಟೆಗೆ ಎದ್ದರೆ ಅದು ಐದಕ್ಕೆ ಹತ್ತು ನಿಮಿಷ ಇದೆ ಎಂದಿತು.

ಟ್ರಾನ್ಸ್‌ಫಾರ್ಮರ್ ವೋಲ್ಟು ಇಳಿಸುತ್ತದೆ, ಹರ್ಟ್ಸ್ ಮುಟ್ಟುವುದಿಲ್ಲ. ಆ ಗಡಿಯಾರ ಕರೆಂಟಿನ ಅಲೆ ಎಣಿಸುತ್ತದೆ: ಅರವತ್ತು ಬಂದರೆ ಒಂದು ಸೆಕೆಂಡು. ಇಂಗ್ಲೆಂಡು ಐವತ್ತೇ ಕಳಿಸುತ್ತದೆ. ಹೀಗಾಗಿ ನಮ್ಮ ದೋಣಿಯಲ್ಲಿ ಗಂಟೆಗೆ ಐವತ್ತೇ ನಿಮಿಷ, ದಿನಕ್ಕೆ ಇಪ್ಪತ್ತೇ ಗಂಟೆ. ಇದನ್ನು ತಿಳಿದ ಮೇಲೆ ಸರಿಮಾಡುವವರು ಯಾರಾದರೂ ಇದ್ದಾರೆಯೇ? ಮಾವ ಕಾಗದ ತೆಗೆದರು, ನಾನು ಪೆನ್ನು ಹುಡುಕಿದೆ. ಶುಕ್ರವಾರ ನಡುರಾತ್ರಿಗೆ ಗಡಿಯಾರ ಒಂದು ಗಂಟೆ ಹಿಂದೆ, ಅಂದರೆ ಅಜೋರ್ಸ್ ದ್ವೀಪ ಮುಟ್ಟಿದೆ. ಶನಿವಾರ ನಡುರಾತ್ರಿ ಐದು ಗಂಟೆ ಹಿಂದೆ, ನ್ಯೂಯಾರ್ಕ್. ಭಾನುವಾರ ಸಂಜೆ ಆರಕ್ಕೆ ಕ್ಯಾಲಿಫೋರ್ನಿಯಾ. ಹಗ್ಗ ಬಿಚ್ಚದೆ ನಮ್ಮ ದೋಣಿ ತವರಿಗೆ ಹೊರಟಿತ್ತು! ಮುಖ ಹನ್ನೆರಡು ಗಂಟೆಯದಾದ್ದರಿಂದ ಸೋಮವಾರ ಸಂಜೆ ಮತ್ತೆ ಸೌತಾಂಪ್ಟನ್.

"ಮಧ್ಯದಲ್ಲಿ ನಮ್ಮೂರು ಎಲ್ಲಿ ಸಿಗತ್ತೆ?" ಎಂದರು ಮಾವ. ಬೇಸಿಗೆಯಲ್ಲಿ ನಾವು ಇವರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಹನ್ನೆರಡರಲ್ಲಿ ಕಳೆದರೆ ಏಳೂವರೆ ಹಿಂದೆ. ನಲವತ್ತೈದನೆಯ ಗಂಟೆಗೆ, ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ದಾರಿಯಲ್ಲಿ, ಭಾನುವಾರ ಮಧ್ಯಾಹ್ನ ಮೂರಕ್ಕೆ ಮಂಡ್ಯ ಬರುತ್ತದೆ.

ಭಾನುವಾರ ಊಟ ಬೇಗ ಮುಗಿಸಿದೆವು. ಹೆಂಡತಿ ಮನೆಗೆ ಹೋಗೋಣ ಅಂದಳು, ಅಪ್ಪ ಅಲುಗಲಿಲ್ಲ. ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಫೋನ್ ಹಿಡಿದು ಮೈಕ್ರೋವೇವಿನ ಮುಂದೆ ಕೂತರು. ಪಕ್ಕದ ದೋಣಿಯ ನಾಯಿಯವರು ಬಗ್ಗಿ ನೋಡಿ, ಇಬ್ಬರು ಗಂಡಸರು ಖಾಲಿ ಓವನ್ನನ್ನು ದಿಟ್ಟಿಸುತ್ತಿರುವುದನ್ನು ಕಂಡು, ಮೊದಲ ಬಾರಿಗೆ ಏನೂ ಸಲಹೆ ಕೊಡದೆ ಹೋದರು. 7:28. 7:29. ಗೋಡೆಯ ಮೇಲೆ ಮೂರು, ಓವನ್ನಿನಲ್ಲಿ 7:30. ಮಾವ ಗುಂಡಿ ಒತ್ತಿದರು.

"ದೀಪ ಹಚ್ಚಿದ್ಯಾ?"

"ಹಚ್ಚಿ ಆಯ್ತು. ಊಟ ಮಾಡಿದ್ರಾ?"

"ಅದಿರಲಿ. ಅಡುಗೆಮನೆ ಗಡಿಯಾರ ನೋಡಿ ಹೇಳು, ಎಷ್ಟು?"

"ಏಳೂಮುಕ್ಕಾಲು."

ಮಾವನ ಮುಖ ನೋಡಲಾಗಲಿಲ್ಲ. ಒಂದು ಕ್ಷಣದ ಮೇಲೆ ಅವರಿಗೇ ನೆನಪಾಯಿತು: ಅದನ್ನು ಅತ್ತೆ ಮೊದಲಿನಿಂದಲೂ ಹದಿನೈದು ನಿಮಿಷ ಮುಂದಿಟ್ಟಿರುತ್ತಾರೆ. ಇಬ್ಬರೂ ಕೈ ಕುಲುಕಿದೆವು.

ಮಾವ ಊರಿಗೆ ಹೋದ ಮೇಲೆ ನಾಯಿಯವರು ಹೇಳಿದಂತೆ ಚಾರ್ಜರ್, ಇನ್ವರ್ಟರ್ ಹಾಕಿಸಿದೆ. ಅಮೆರಿಕದ ಪ್ಯಾನೆಲ್ಲಿನಲ್ಲಿ ಸ್ವಿಚ್ಚು ಕತ್ತರಿಸುವುದು ಒಂದೇ ವೈರನ್ನು. ಎರಡೂ ವೈರು ಫೇಸಾದ ಹಳದಿ ಪೆಟ್ಟಿಗೆಯನ್ನು ಅಲ್ಲಿ ಬಿಡುವಂತಿರಲಿಲ್ಲ. ಈಗ ಮೈಕ್ರೋವೇವು ಉಪ್ಪಿಟ್ಟು ಬಿಸಿ ಮಾಡುತ್ತದೆ, ಸರಿಯಾದ ಟೈಮೂ ತೋರಿಸುತ್ತದೆ. ನಾನು ಅದರ ಕಡೆ ನೋಡುವುದೇ ಇಲ್ಲ. ಸುದ್ದಿ ತಿಳಿಸಲು ಫೋನ್ ಮಾಡಿದರೆ ಮಾವ ಕೇಳಿದ್ದು ಒಂದೇ: "ಆ ಹಳದಿ ಪೆಟ್ಟಿಗೆ ಏನು ಮಾಡ್ತೀರಿ?" ಅಟ್ಲಾಂಟಾದಲ್ಲಿರುವ ದೊಡ್ಡ ಮಗಳು ತಂದುಕೊಟ್ಟ ಕಾಫಿ ಮಷೀನು, ಬ್ರೆಡ್ಡು ಸುಡೋದು, ಎಲ್ಲ 120 ವೋಲ್ಟಿನವು, ಅಟ್ಟದ ಮೇಲೆ ಧೂಳು ತಿನ್ನುತ್ತಿವೆಯಂತೆ. "ಬರುವಾಗ ಲಗೇಜಲ್ಲಿ ಹಾಕ್ಕೊಂಡು ಬಂದುಬಿಡಿ."

ವಿಮಾನದಲ್ಲಿ ಒಂದು ಪೆಟ್ಟಿಗೆಗೆ 23 ಕಿಲೋ ಮಾವ, ಅದೊಂದೇ ಅದಕ್ಕಿಂತ ಜಾಸ್ತಿ ತೂಗುತ್ತೆ. ಜೊತೆಗೆ ಒಳಗೆ ಬರೀ ತಾಮ್ರದ ಸುರುಳಿ. ಏರ್‌ಪೋರ್ಟಲ್ಲಿ ಬಿಚ್ಚಿಸಿ ಏನಿದು ಅಂತ ಕೇಳಿದರೆ ಏನು ಹೇಳಲಿ?

"ಕೆಇಬಿ ಸಾಮಾನು ಅಂತ ಹೇಳಿ. ಬಿಡ್ತಾರೆ."