ಸಂಪುಟ ರಚಿಸುವ ಮುಖ್ಯಮಂತ್ರಿಗಳಿಗೆ, ನಾಲ್ಕು ತಾಲ್ಲೂಕುಗಳ ಪರವಾಗಿ

ಮಾನ್ಯ ಮುಖ್ಯಮಂತ್ರಿಗಳೇ,

ಸಂಪುಟ ರಚನೆಯಾಗಲಿ, ವಿಸ್ತರಣೆಯಾಗಲಿ, ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜನ ಪಟ್ಟಿಯಲ್ಲಿ ನಮ್ಮವರ ಹೆಸರಿದೆಯೇ ಎಂದು ಹುಡುಕುತ್ತಾರೆ. ಆ ಆಸೆಯನ್ನು ಹಗುರಾಗಿ ಕಾಣಬೇಡಿ. ಅಧಿಕಾರ ಇಲ್ಲಿಗೆ ಬಂದರೆ ಏನಾಗುತ್ತದೆಂದು ಕಂಡವರು ನಾವು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1996ರಲ್ಲಿ ಮುಖ್ಯಮಂತ್ರಿಯಾದರು. ಮರುವರ್ಷವೇ ದಾವಣಗೆರೆ ಜಿಲ್ಲೆಯಾಯಿತು. ಅಲ್ಲಿಯವರೆಗೆ ಜಿಲ್ಲಾ ಕಚೇರಿಯ ಕೆಲಸವೆಂದರೆ ಚನ್ನಗಿರಿ, ಹೊನ್ನಾಳಿಯವರು ಶಿವಮೊಗ್ಗಕ್ಕೆ, ಜಗಳೂರಿನವರು ಚಿತ್ರದುರ್ಗಕ್ಕೆ ಅಲೆಯಬೇಕಿತ್ತು.

2018ರ ವಿಧಾನಸಭಾ ಚುನಾವಣೆಯಲ್ಲಿ ಈಗಿನ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಐದು ಬಿಜೆಪಿಗೆ ಒಲಿದವು. ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಅದರಲ್ಲಿದ್ದವು. 2019ರಲ್ಲಿ ಅದೇ ಪಕ್ಷದ ಸರ್ಕಾರ ಬಂತು, ನಡುವೆ ಮುಖ್ಯಮಂತ್ರಿಯೂ ಬದಲಾದರು. ಆದರೂ 2023ರವರೆಗೆ ಜಿಲ್ಲೆಯ ಒಬ್ಬ ಶಾಸಕರೂ ಮಂತ್ರಿಯಾಗಲಿಲ್ಲ. ಹೊನ್ನಾಳಿಯ ಶಾಸಕರಿಗೆ ಮುಖ್ಯಮಂತ್ರಿಯ ರಾಜಕೀಯ ಕಾರ್ಯದರ್ಶಿ ಹುದ್ದೆ, ಚನ್ನಗಿರಿಯವರಿಗೆ ಸರ್ಕಾರಿ ಸಾಬೂನು ಕಾರ್ಖಾನೆಯ ಅಧ್ಯಕ್ಷಗಿರಿ ಸಿಕ್ಕಿತು. ಜಿಲ್ಲೆಯ ಉಸ್ತುವಾರಿಗೆ ಬೆಂಗಳೂರಿನ ಕೆ.ಆರ್. ಪುರದ ಶಾಸಕರು ಬಂದರು. 2023ರಲ್ಲಿ ಜನ ಕಾಂಗ್ರೆಸ್ಸಿಗೆ ಏಳರಲ್ಲಿ ಆರು ಕೊಟ್ಟರು. ಮಂತ್ರಿಸ್ಥಾನ ದಾವಣಗೆರೆ ಉತ್ತರಕ್ಕೆ ಹೋಯಿತು. 2013ರಲ್ಲೂ ಅದು ನಗರದ ಪಾಲೇ ಆಗಿತ್ತು.

ಲೆಕ್ಕ ಬಿಗಿಯಾದದ್ದೆಂದು ಬಲ್ಲೆವು. 2003ರ ಸಂವಿಧಾನ ತಿದ್ದುಪಡಿಯ ಪ್ರಕಾರ 224 ಶಾಸಕರ ಸದನದಲ್ಲಿ ನಿಮ್ಮನ್ನೂ ಸೇರಿಸಿ 34 ಮಂದಿಗಷ್ಟೇ ಅವಕಾಶ. ಜಾತಿ, ಬಣ, ಹಿರಿತನ ಎಲ್ಲವನ್ನೂ ಅದರೊಳಗೇ ತೂಗಬೇಕು. ಆದರೆ 2023ರ ಮೇ ತಿಂಗಳ ಸಂಪುಟದಲ್ಲಿ ಬೆಂಗಳೂರು ನಗರವೊಂದಕ್ಕೇ ಆರು ಸ್ಥಾನ ಸಿಕ್ಕಿ, ಕೊಡಗಿಗೂ ಹಾಸನಕ್ಕೂ ಒಂದೂ ಸಿಗದೇ ಹೋದದ್ದನ್ನು ಲೆಕ್ಕದ ಬಿಗಿ ಎನ್ನಲಾಗದು. ಅದು ಆಯ್ಕೆ.

ಜಗಳೂರನ್ನೇ ನೋಡಿ. ಬರ ಅಲ್ಲಿ ಅಪರೂಪದ ಅತಿಥಿಯಲ್ಲ. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಯ ಮೇಲೆ, ಭದ್ರಾ ಮೇಲ್ದಂಡೆಯ ಕಾಲುವೆಯ ಮೇಲೆ ತಾಲ್ಲೂಕಿನ ಕಣ್ಣಿದೆ. ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಇಂಥ ಕಡತ ಜಲಸಂಪನ್ಮೂಲ ಇಲಾಖೆ, ಹಣಕಾಸು ಇಲಾಖೆ, ದಿಲ್ಲಿ ಎಂದು ಸುತ್ತುತ್ತದೆ. ಶಾಸಕ ಮನವಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಮಂತ್ರಿಯಾದರೆ ತೀರ್ಮಾನವಾಗುವ ಕೋಣೆಯೊಳಗೇ ಕೂತಿರುತ್ತಾನೆ. ನಿಗಮದ ಅಧ್ಯಕ್ಷನಿಗೆ ಕಾರು ಸಿಗಬಹುದು, ಆ ಕೋಣೆಯಲ್ಲಿ ಜಾಗ ಸಿಗದು. ನ್ಯಾಮತಿಯ ಪಾಡು ಇನ್ನೂ ಕಷ್ಟ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತೇ ಹೊರತು ಅದಕ್ಕೆ ಸ್ವಂತ ವಿಧಾನಸಭಾ ಕ್ಷೇತ್ರವಿಲ್ಲ.

ಆದ್ದರಿಂದ, ಮುಂದಿನ ಪಟ್ಟಿ ಬರೆಯುವಾಗ ನಗರದಾಚೆಯ ಈ ತಾಲ್ಲೂಕುಗಳ ಒಬ್ಬರನ್ನು ಪರಿಗಣಿಸಿ. ಅದಾಗದಿದ್ದರೆ ಉಸ್ತುವಾರಿ ಸಚಿವರು ಮೂರು ತಿಂಗಳಿಗೊಮ್ಮೆ ನಡೆಸುವ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯನ್ನಾದರೂ ಸರದಿಯಂತೆ ಈ ನಾಲ್ಕು ಊರುಗಳಲ್ಲಿ ನಡೆಸಲು ಆದೇಶಿಸಿ. ಮೊದಲನೆಯದು ಜಗಳೂರಿನಲ್ಲಾಗಲಿ, ನೀರಾವರಿ ಎಂಜಿನಿಯರುಗಳು ಆ 57 ಕೆರೆಗಳ ಸ್ಥಿತಿಯನ್ನು ಒಂದೊಂದಾಗಿ ಬರೆದುಕೊಂಡೇ ಬರಲಿ.

ಇಂತಿ,
ಈ ತಾಲ್ಲೂಕುಗಳ ಒಬ್ಬ ಮತದಾರ