ಭಾನುವಾರದ ನಳಮಹಾರಾಜ

ವಾರದ ಆರು ದಿನ ಅಡುಗೆಮನೆಯ ಹೊಸ್ತಿಲು ದಾಟದೆ, ಏಳನೆಯ ದಿನ ಅಲ್ಲೇ ಪಟ್ಟಾಭಿಷೇಕ ಮಾಡಿಸಿಕೊಳ್ಳುವ ಗಂಡಸರು ಎಲ್ಲ ಊರಲ್ಲೂ ಇದ್ದಾರೆ. ದೋಣಿಮಲೈ ಟೌನ್‌ಶಿಪ್ಪಿನಲ್ಲಿ ನಮ್ಮ ಪಾಲಿಗೆ ಬಂದವರು ಪಕ್ಕದ ಕ್ವಾರ್ಟರ್ಸಿನ ಸಾಹೇಬರು, ಬೈಲಾಡಿಲದಿಂದ ವರ್ಗವಾಗಿ ಬಂದ ಗಣಿ ಎಂಜಿನಿಯರು. ಉಪ್ಪಿಟ್ಟು, ಸಾರು ಇತ್ಯಾದಿಗಳನ್ನು ಅವರು ಅಡುಗೆಯೆಂದು ಲೆಕ್ಕಕ್ಕಿಟ್ಟಿಲ್ಲ. ಅವರದೇನಿದ್ದರೂ ಸ್ಟೇಕ್.

ಪರದೇಶದಲ್ಲಿ ಅದು ದನದ ಮಾಂಸ. ಇಲ್ಲಿ ಅದಕ್ಕೆ ಕಾನೂನೂ ಅಡ್ಡ, ನಾವು ಅಕ್ಕ ಎಂದು ಕರೆಯುವ ಅವರ ಶ್ರೀಮತಿಯೂ ಅಡ್ಡ. ಹಾಗಾಗಿ ಮಟನ್. ಸಂಡೂರಿನ ಅಂಗಡಿಗೆ ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದರು. “ತೊಡೆ ಭಾಗ, ಮೂಳೆ ಬೇಡ, ಒಂದೂವರೆ ಇಂಚು ದಪ್ಪ” ಎಂದು ಬೆರಳಲ್ಲಿ ಅಳೆದು ತೋರಿಸಿದರು. ಅಂಗಡಿಯವನು ಕತ್ತಿ ಕೆಳಗಿಟ್ಟ.

“ಸಾರಿಗೋ, ಫ್ರೈಗೋ ಸಾರ್?”

“ಸ್ಟೇಕಿಗೆ.”

“ಅದೇನರ ಇರ್ಲಿ, ಕುಕ್ಕರ್‌ನಾಗ ಆರು ಸೀಟಿ ಹೊಡಸ್ರಿ. ಇಲ್ಲಾಂದ್ರ ಬೇಯಂಗಿಲ್ಲ.”

ಈ ದೇಶ ಉದ್ಧಾರವಾಗುವುದಿಲ್ಲ ಎಂಬಂತೆ ಸಾಹೇಬರು ನನ್ನ ಕಡೆ ನೋಡಿದರು.

1977ರಿಂದ ಕಬ್ಬಿಣದ ಅದಿರು ತೆಗೆಯುತ್ತಿರುವ ಊರಲ್ಲಿದ್ದು ನಾನ್‌ಸ್ಟಿಕ್ ಬಳಸುವುದು ದ್ರೋಹವೆಂದು ಅವರ ವಾದ. ಎರಕದ ಕಬ್ಬಿಣದ ತವೆಯೇ ಆಗಬೇಕು, ಅದು ಹೊಗೆಯಾಡಬೇಕು. ಗಣಿಯ ಕೆಂಧೂಳಿಗೆ ಒಗ್ಗಿದ ನಮ್ಮ ಕಿಟಕಿ ಪರದೆಗಳು ಭಾನುವಾರ ಕರಿಬಣ್ಣಕ್ಕೆ ತಿರುಗುತ್ತವೆ. “ನೋಡಿ, ರಸವೆಲ್ಲ ಒಳಗೇ ಸೀಲ್ ಆಯ್ತು!” ಎನ್ನುತ್ತಾರೆ. ಇದು 19ನೇ ಶತಮಾನದ ಜರ್ಮನ್ ರಸಾಯನ ವಿಜ್ಞಾನಿ ಲೀಬಿಗ್ ಹಬ್ಬಿಸಿದ ನಂಬಿಕೆ, ಸುಳ್ಳೆಂದು ತಿಳಿದು ಬಹಳ ಕಾಲವಾಯಿತು. ಚುರ್ ಎನ್ನುವುದೇ ರಸ ಸೋರಿ ಆವಿಯಾಗುವ ಸದ್ದು. ಆ ಕಂದು ಬಣ್ಣ, ಘಮ ಎರಡೂ 1912ರಲ್ಲಿ ಫ್ರಾನ್ಸಿನ ಮೈಲಾರ್ ವಿವರಿಸಿದ ಕ್ರಿಯೆಯಿಂದ ಬರುವಂಥವು. ಹೇಳಹೋದೆ. “ನೀವು ಅಕೌಂಟ್ಸಿನವರು, ಸುಮ್ನಿರಿ” ಎಂದರು. ಸುಮ್ಮನಾದೆ, ಊಟ ಅವರದಲ್ಲವೇ!

ಸಾಸಿಗೆ ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸು. ತುಪ್ಪ ಕಾಯಿಸಲೆಂದು ಅಕ್ಕ ವಾರವಿಡೀ ಕೂಡಿಟ್ಟ ಹಾಲಿನ ಕೆನೆಯೂ ಒಂದೇ ಏಟಿಗೆ ತವೆಗೆ ಬಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆವು. ಆದರೆ ಮಾಂಸದ ಪಕ್ಕದಲ್ಲಿ ಹಣ್ಣಿರಬೇಕಂತೆ, ಅದೂ ಸ್ಥಳೀಯ ಹಣ್ಣು. ಸೀತಾಫಲದ ಕಾಲ. ಬೀಜ ತೆಗೆದ ತಿರುಳನ್ನು ಕೆನೆಗೆ ಸುರಿದು ಕುದಿಸಿದರು. ಸೀತಾಫಲ ಕಾದರೆ ಕಹಿಯಾಗುತ್ತದೆ. ಬುಟ್ಟಿ ಮುಂದಿಟ್ಟುಕೊಂಡು ಮಾರುವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಮೊದಲ ತುತ್ತಿಗೇ ನನ್ನ ಮುಖ ಬೇವು ತಿಂದಂತಾಯಿತು. “ರುಚಿ ನಾಲಿಗೆಗೆ ಹತ್ತೋಕೆ ಟೈಮ್ ಬೇಕು” ಎಂದು ಧೈರ್ಯ ಹೇಳಿದರು. ತಮ್ಮ ತಟ್ಟೆಯದನ್ನು ಮೆಲ್ಲಗೆ ಅಂಚಿಗೆ ಸರಿಸಿದ್ದನ್ನು ನಾನು ಕಂಡೆ.

ಮುಂದಿನ ಸಲ ಬಳ್ಳಾರಿಯ ಅಂಜೂರ. ತವೆಯಿಂದ ಇಳಿಸಿದ ಮಾಂಸಕ್ಕೆ ಚಾಕು ಹಾಕಹೊರಟ ನನ್ನ ಕೈ ಹಿಡಿದರು: “ತಡೀರಿ, ಅದು ಹತ್ತು ನಿಮಿಷ ರೆಸ್ಟ್ ತಗೋಬೇಕು.” ಒಳಗೆ ಅಕ್ಕ ಸಾಸಿನ ಬಾಣಲೆ ತಿಕ್ಕುತ್ತಿದ್ದರು. “ಮಾಂಸಕ್ಕೆ ಸಿಕ್ಕ ರೆಸ್ಟು ನಿಮಗ್ಯಾವಾಗಕ್ಕಾ?” ಎಂದು ನನ್ನವಳು ಬೇಕೆಂದೇ ಜೋರಾಗಿ ಕೇಳಿದಳು. ಸಾಹೇಬರಿಗೆ ಕೇಳಿಸಲಿಲ್ಲ. ಬೆಂಗಳೂರಿನ ಮಗಳಿಗೆ ವಿಡಿಯೋ ಕಾಲ್ ಮಾಡಿ ತಟ್ಟೆ ತೋರಿಸುತ್ತಿದ್ದರು. ಅವಳು ಚಿಕ್ಕವಳಿದ್ದಾಗ ಇವರು ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಮಲಗಿಬಿಟ್ಟಿರುತ್ತಿದ್ದಳಂತೆ. ಒಂದು ತುತ್ತು ಕೈಯಾರೆ ತಿನ್ನಿಸಿದ ನೆನಪಿಲ್ಲ ಎಂದು ಒಮ್ಮೆ ಹೇಳಿದ್ದರು. “ಸೂಪರ್ ಪಪ್ಪಾ” ಎಂದವಳೇ ಫೋನಿಟ್ಟಳು. ಅವಳಿಗೆಂದು ಮಾಡಿದಷ್ಟನ್ನೂ ತಿನ್ನಲು ನಾವಿದ್ದೆವು.

ಕೆನೆಯಲ್ಲಿ ಮೆತ್ತಗಾದ ಅಂಜೂರ, ಮೇಲೆ ಮೆಣಸಿನ ಖಾರ: ಹೊಟ್ಟೆಕಿಚ್ಚು ಬಿಟ್ಟು ಹೇಳುತ್ತೇನೆ, ಅದು ಬಲು ಚೆನ್ನಾಗಿತ್ತು. ಕೇಳಿ ಹಾಕಿಸಿಕೊಂಡೆ. ಮಟನ್ ಮಾತ್ರ ಅಂಗಡಿಯವನು ಹೇಳಿದಂತೆ ಬೆಂದಿರಲಿಲ್ಲ. ಉಳಿದದ್ದನ್ನು ಅಕ್ಕ ಕುಕ್ಕರಿಗೆ ಹಾಕಿ, ಆರು ಸೀಟಿ ಹೊಡೆಸಿ ರಾತ್ರಿಗೆ ಸಾರು ಮಾಡಿದರು. ಜೋಳದ ರೊಟ್ಟಿಯ ಜೊತೆ ಸಾಹೇಬರೇ ಎಲ್ಲರಿಗಿಂತ ಹೆಚ್ಚು ತಿಂದರು.