ಎಡದ ನೋಟ ಬಲಕ್ಕೆ

ಮಾಚೇನಹಳ್ಳಿಯಲ್ಲಿ ಮನೆ ಕಟ್ಟಿಕೊಂಡವನಿಗೆ ನಿವೃತ್ತಿಯಾದ ಮೇಲೆ ಉಳಿಯುವುದು ಎರಡೇ ದಾರಿ. ಬಿ.ಎಚ್. ರಸ್ತೆಯಲ್ಲಿ ಹೀಗೆ ಹೋದರೆ ಶಿವಮೊಗ್ಗ, ಹಾಗೆ ಹೋದರೆ ಭದ್ರಾವತಿ. ಶಿವಮೊಗ್ಗದಲ್ಲಿ ಬೀಗರಿದ್ದಾರೆ. ಭದ್ರಾವತಿಯಲ್ಲಿ, ನಿವೃತ್ತರೆಲ್ಲ ಬೆಳಿಗ್ಗೆ ಯೋಗ ಮಾಡಲೇಬೇಕು ಎಂದು ಕಂಡಕಂಡಲ್ಲಿ ಹಿಡಿದು ನಿಲ್ಲಿಸುವ ಹಳೆಯ ಸಹೋದ್ಯೋಗಿಯಿದ್ದಾರೆ. ಎರಡೂ ಬೇಡವೆಂದು ನಾನು ನೇರ ರಸ್ತೆ ದಾಟಿ, ಕೈಗಾರಿಕಾ ಪ್ರದೇಶದೊಳಗಿನ ಒಂದು ತರಬೇತಿ ಕೇಂದ್ರದಲ್ಲಿ ಡಿಸೈನ್ ಕಲಿಯಲು ಸೇರಿಕೊಂಡೆ. ಭಾನುವಾರದ ಕೋರ್ಸು. ಗರಿಷ್ಠ ವಯೋಮಿತಿಯ ಬಗ್ಗೆ ಅರ್ಜಿಯಲ್ಲಿ ಏನೂ ಇರಲಿಲ್ಲ. ಅಂಥ ಪ್ರಸಂಗ ಬಂದೀತೆಂದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ.

ಸಹಪಾಠಿಗಳೆಲ್ಲ ಸುತ್ತಲಿನ ಫೌಂಡ್ರಿಗಳ ಐ.ಟಿ.ಐ. ಹುಡುಗರು, ಗಾರ್ಮೆಂಟ್ಸಿನ ಹುಡುಗಿಯರು. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ನಾನು ಸೀದಾ ಹಿಂದಿನ ಬೆಂಚಿಗೆ ಹೋಗಿ ಕೂತಮೇಲೆ ಒಬ್ಬೊಬ್ಬರೇ ಕೂತರು. ಆಮೇಲೆ ಬಂದ ಮೇಡಂ ನನ್ನ ಕಿರಿಮಗಳಿಗಿಂತ ಚಿಕ್ಕವರು. ಪಾಠದ ಹೆಸರು ವಿಶುವಲ್ ರೆಪ್ರೆಸೆಂಟೇಶನ್. ತಲೆಯಲ್ಲಿರುವುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಕಾಗದದ ಮೇಲೆ ಮೂಡಿಸುವುದು ಎಂದು ಅವರು ವಿವರಿಸಿದರು. ಜೀವಮಾನವೆಲ್ಲ ಬ್ಯಾಂಕಿನಲ್ಲಿ, ಇನ್ನೊಬ್ಬರಿಗೆ ತಿಳಿಯದ ಹಾಗೆ ಬರೆದು ಅಭ್ಯಾಸವಾದ ಕೈ ನನ್ನದು.

ಸಲಕರಣೆ ಕೊಳ್ಳುವ ಹಂತದಲ್ಲಿ ಮಾತ್ರ ನಾನು ತರಗತಿಗೇ ಮೊದಲಿಗ. 2ಎಚ್, ಎಚ್‌ಬಿ, 2ಬಿ ಪೆನ್ಸಿಲುಗಳು, ಸೆಟ್ ಸ್ಕ್ವೇರು, ಮಿನಿ ಡ್ರಾಫ್ಟರು, ಶೀಟು ಸುತ್ತಿಡುವ ಉದ್ದನೆಯ ಕಪ್ಪು ಕೊಳವೆ. ಆ ಕೊಳವೆಯನ್ನು ಹೆಗಲಿಗೆ ನೇತುಹಾಕಿಕೊಂಡು ಹೊರಟರೆ ಕೆ.ಎಸ್.ಆರ್.ಪಿ. ಕ್ವಾರ್ಟರ್ಸಿನ ಹುಡುಗರು ಬಂದೂಕೆಂದು ತಿಳಿದು ಸೆಲ್ಯೂಟ್ ಹೊಡೆದರು. ನಾನೂ ತಿರುಗಿ ಹೊಡೆದೆ. ಇಷ್ಟು ಗೌರವ ಬ್ಯಾಂಕಿನಲ್ಲಿ ಸಿಕ್ಕಿರಲಿಲ್ಲ.

ಪರ್ಸ್‌ಪೆಕ್ಟಿವ್ ಒಂದೇ ಭಾನುವಾರದಲ್ಲಿ ಮುಗಿಯಿತು. ಹದಿನೈದನೇ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ಬ್ರುನೆಲೆಸ್ಕಿ ಎಂಬಾತ ಚಿತ್ರದ ಹಲಗೆಗೆ ತೂತು ಕೊರೆದು, ಕನ್ನಡಿ ಹಿಡಿದು, ಚಿತ್ರವೂ ಕಟ್ಟಡವೂ ಒಂದೇ ಎಂದು ತೋರಿಸಿದನಂತೆ. ನಾನು ಬರೆದ ರಸ್ತೆಯ ಎರಡು ಅಂಚುಗಳು ದಿಗಂತದಲ್ಲಿ ಕೂಡಬೇಕಾದಲ್ಲಿ ಮುನಿಸಿಕೊಂಡು ಬೇರೆಬೇರೆ ಊರಿಗೆ ಹೋದವು. ಐಸೊಮೆಟ್ರಿಕ್‌ನಲ್ಲಿ ಮೂವತ್ತು ಡಿಗ್ರಿಯ ಗೆರೆ ಎಳೆಯುವುದಷ್ಟೇ ಇದ್ದುದರಿಂದ ಹೇಗೋ ಪಾಸಾದೆ.

ಕಷ್ಟ ಶುರುವಾದದ್ದು ಆರ್ಥೊಗ್ರಾಫಿಕ್‌ನಲ್ಲಿ. ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿ ಮೂರು ನೋಟ ಬರೆಯಬೇಕು. ನಮ್ಮ ದೇಶದಲ್ಲಿ ನಡೆಯುವುದು ಫಸ್ಟ್ ಆ್ಯಂಗಲ್ ಪದ್ಧತಿ. ಅದರಂತೆ ಮೇಲಿನಿಂದ ನೋಡಿದ್ದನ್ನು ಕೆಳಗೆ ಬರೆಯಬೇಕು, ಎಡದಿಂದ ನೋಡಿದ್ದನ್ನು ಬಲಕ್ಕೆ. ಅಮೆರಿಕದವರದು ಥರ್ಡ್ ಆ್ಯಂಗಲ್. ಅವರು ಮೇಲಿನದನ್ನು ಮೇಲೆ, ಎಡದ್ದನ್ನು ಎಡಕ್ಕೆ ಬರೆದು ಸುಮ್ಮನಾಗುತ್ತಾರೆ. ಯಾವ ಪದ್ಧತಿಯೆಂದು ತಿಳಿಯಲು ಶೀಟಿನ ಮೂಲೆಯಲ್ಲಿ, ಅಡ್ಡ ಮಲಗಿಸಿದ ಬಕೆಟ್ಟಿನ ಹಾಗಿರುವ ಒಂದು ಸಂಕೇತ ಹಾಕಬೇಕು ಎಂದು ಮೇಡಂ ಒತ್ತಿ ಒತ್ತಿ ಹೇಳಿದರು. ನಾನದನ್ನು ಮದುವೆ ಕಾಗದದ ಮೂಲೆಯ ಗಣಪತಿಯ ವರ್ಗಕ್ಕೆ ಸೇರಿಸಿ ಮರೆತುಬಿಟ್ಟೆ. ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವನು ಹದಿನೆಂಟನೇ ಶತಮಾನದ ಫ್ರಾನ್ಸಿನ ಗಾಸ್ಪಾರ್ ಮೊಂಜ್. ಕೋಟೆ ಕಟ್ಟುವ ವಿಷಯವಾದ್ದರಿಂದ ಅಲ್ಲಿನ ಸೇನೆ ಇದನ್ನು ವರ್ಷಗಟ್ಟಲೆ ಗುಟ್ಟಾಗಿಟ್ಟಿತ್ತು. ನನ್ನ ಶೀಟು ಕೊಟ್ಟು ಕಳಿಸಿದ್ದರೆ ಆ ಗೋಜೇ ಇರುತ್ತಿರಲಿಲ್ಲ. ಶತ್ರು ಅದನ್ನು ನೋಡಿಯೇ ಕೋಟೆ ಕಟ್ಟಿ ತಾನಾಗಿ ಸೋಲುತ್ತಿದ್ದ.

"ಮನೇಲಿರೋ ಒಂದು ವಸ್ತುವಿನ ಮೂರು ನೋಟ ಬರ್ಕೊಂಡು ಬನ್ನಿ" ಎಂದರು. ಬುದ್ಧಿವಂತರು ಬೆಂಕಿಪೊಟ್ಟಣ ಆರಿಸಿಕೊಂಡರು. ನಾನು ಈಳಿಗೆಮಣೆ ಆರಿಸಿಕೊಂಡೆ.

ಅದು ಹೆಂಡತಿಯ ತವರಿನದು. ಬಾಗಿದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಅಲಗು ಮಣೆಯ ನಡುಮಧ್ಯದಲ್ಲಿಲ್ಲ, ಕೊಂಚ ಬಲಕ್ಕೆ ಸರಿದಿದೆ. ಎಡಗಡೆ ಪಾದ ಊರಲು ಜಾಗವಿರಲೆಂದು ಮಾವನವರು ಬಡಗಿಗೆ ಹೇಳಿ ಮಾಡಿಸಿದ್ದಂತೆ. ಮುಂದಿನ ನೋಟಕ್ಕೆ ನೆಲದ ಮೇಲೆ ಕೆನ್ನೆಯೂರಿ ಮಲಗಿದೆ. ಪಕ್ಕದ ನೋಟಕ್ಕೆ ಹಾಗೇ ಉರುಳಿದೆ. ಉಳಿದದ್ದು ಮೇಲಿನ ನೋಟ. "ಕಣ್ಣು ಅನಂತ ದೂರದಲ್ಲಿದೆ ಅಂದ್ಕೊಳ್ಳಿ, ಆಗ ದೃಷ್ಟಿರೇಖೆಗಳೆಲ್ಲ ಸಮಾಂತರವಾಗಿ ಬರ್ತವೆ" ಎಂದಿದ್ದರು ಮೇಡಂ. ಹುಡುಗರು ಅಂದುಕೊಂಡು ಬಿಟ್ಟಿರಬೇಕು. ನಾನು ಹಳೆಯ ಕಾಲದ ವಿದ್ಯಾರ್ಥಿ, ಹೇಳಿದ್ದನ್ನು ಮಾಡುವವನು. ಮೊದಲು ನಿಂತು ನೋಡಿದೆ. ಮಣೆಯ ಪಕ್ಕವೂ ಕಾಣುತ್ತಿತ್ತು, ಅಂದರೆ ಅನಂತ ಸಾಲದು. ಸ್ಟೂಲು ಹತ್ತಿದೆ. ಊಟದ ಮೇಜಿನ ಮೇಲೆ ಸ್ಟೂಲಿಟ್ಟು ಹತ್ತಿದೆ. ಅಲ್ಲಿ ಫ್ಯಾನಿನ ರೆಕ್ಕೆ ನನ್ನ ಅಧ್ಯಯನಕ್ಕೆ ತಡೆಯೊಡ್ಡಿತು. ಕೊನೆಗೆ ಏಣಿ ಹಾಕಿ ಅಡುಗೆಮನೆಯ ಅಟ್ಟ ಸೇರಿ, ದೀಪಾವಳಿಗೆ ಮಾತ್ರ ಇಳಿಯುವ ಹಿತ್ತಾಳೆ ಹಂಡೆಯ ಪಕ್ಕದಲ್ಲಿ ಬೋರಲಾಗಿ ಮಲಗಿ, ತಲೆಯನ್ನಷ್ಟೇ ಹೊರಗೆ ಚಾಚಿದೆ. ಒಂದು ಕಣ್ಣು ಮುಚ್ಚಿದೆ. ಕೈ ಉದ್ದಕ್ಕೆ ಚಾಚಿ ಪೆನ್ಸಿಲಿನಲ್ಲಿ ಅಳತೆ ಹಿಡಿದೆ. ನಾಲಗೆ ತಾನಾಗಿಯೇ ಹೊರಗೆ ಬಂದಿತ್ತು.

ನನ್ನ ನೇರ ಕೆಳಗೆ ಈಳಿಗೆ. ಅದರ ಮುಂದೆ ಮಡಿಲಲ್ಲಿ ಮೊಗೆಕಾಯಿ ಇಟ್ಟುಕೊಂಡು ಹೆಂಡತಿ. ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯಾಕೆ ಹೆಪ್ಪಿಗೆ ಬಂದರು. ಹಾಲಿನ ಡೈರಿಯ ಬಗಲಲ್ಲೇ ಇದ್ದೂ ಆ ಮನೆಯಲ್ಲಿ ಹೆಪ್ಪಿಗೆ ಸದಾ ಬರ.

"ಯಜಮಾನ್ರು ಮೇಲೇನು ಮಾಡ್ತಿದಾರೆ?"

"ಈಳಿಗೆ ನೋಡ್ತಿದಾರೆ."

"ಅಷ್ಟು ದೂರದಿಂದ್ಲಾ?"

"ಇನ್ನೂ ದೂರ ಹೋಗ್ಬೇಕಂತೆ. ಮನೇಲಿ ಜಾಗ ಸಾಲಲ್ಲ."

ಆಕೆ ಮೇಲೆ ನೋಡಿದರು. ಒಂದು ಕಣ್ಣು ಮುಚ್ಚಿ, ನಾಲಗೆ ಚಾಚಿದ ಮುಖವೊಂದು ಅಟ್ಟದಿಂದ ನೇತಾಡುತ್ತಿತ್ತು. ಸೌಜನ್ಯಕ್ಕೆ ನಕ್ಕೆ, ನಗದಿದ್ದರೇ ಚೆನ್ನಾಗಿತ್ತು. ಆಕೆ ಹೆಪ್ಪು ಮರೆತು ಹೊರಟರು. ಆ ಕ್ಷಣದಲ್ಲೇ ನನಗೊಂದು ಸತ್ಯ ಕಂಡಿತು: ನೆಟ್ಟಗೆ ಮೇಲಿನಿಂದ ನೋಡಿದರೆ ಈಳಿಗೆಯ ಅಲಗು ಬರೀ ಒಂದು ಗೀಟು. ಆ ಬಾಗು, ಆ ಮೊನೆ, ಮೂರು ತಲೆಮಾರಿನ ಹೆಂಗಸರ ಬೆರಳು ಕಂಡ ಆ ಹರಿತ, ಎಲ್ಲ ಸೇರಿ ಒಂದು ಗೀಟು! ಸಂತೋಷ ತಡೆಯಲಾರದೆ "ಗೀಟು ಕಣೇ!" ಎಂದು ಕೂಗಿದೆ. ಪೆನ್ಸಿಲು ಕೈಜಾರಿ, ಸಮತಲಕ್ಕೆ ಕರಾರುವಾಕ್ಕಾಗಿ ಲಂಬವಾಗಿ ಇಳಿದು ಹೆಚ್ಚಿದ ಮೊಗೆಹೋಳಿನಲ್ಲಿ ನೆಟ್ಟುಕೊಂಡಿತು. ನಾನು ಎಳೆದ ಪ್ರೊಜೆಕ್ಷನ್ ರೇಖೆಗಳಲ್ಲಿ ಇಂದಿಗೂ ಅತ್ಯಂತ ನಿಖರವಾದದ್ದು ಅದೇ.

ಅವಸರದಲ್ಲಿ ಇಳಿಯುವಾಗ ಏಣಿ ಜಾರಿತು. ನನಗೇನೂ ಆಗಲಿಲ್ಲ, ಏಣಿಗೂ ಆಗಲಿಲ್ಲ. ಮಣೆ ಉದ್ದಕ್ಕೆ ಸೀಳಿತು.

ಹೆಂಡತಿ ಸೊರಬದ ಕಡೆಯವಳು, ದೀವರ ಮನೆಯ ಮಗಳು. ಹಸೆ ಚಿತ್ತಾರ ಅವಳಿಗೆ ಅಜ್ಜಿಯಿಂದ ಬಂದದ್ದು. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು. ಪುಂಡಿನಾರಿನ ಕುಂಚ ಹಿಡಿದರೆ ಸ್ಕೇಲಿಲ್ಲದೆ, ಅಳಿಸುವ ರಬ್ಬರಿಲ್ಲದೆ ಎಳೆಯ ಮೇಲೆ ಎಳೆ ಕೂಡಿಸುತ್ತ ಹೋಗುತ್ತಾಳೆ. ಅವಳ ಚಿತ್ತಾರದ ಮದುಮಕ್ಕಳಿಗೆ ಹತ್ತಿರವೂ ಇಲ್ಲ ದೂರವೂ ಇಲ್ಲ, ಯಾರೂ ಯಾರ ಹಿಂದೆಯೂ ಅಡಗುವುದಿಲ್ಲ. ನನ್ನ ಶೀಟನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ಕಷ್ಟಪಟ್ಟು ಒಂದೇ ಈಳಿಗೇನ ಮೂರು ಸಲ ಯಾಕ್ರೀ ಬರೆದ್ರಿ?" ಎಂದಳು. ಮೊಂಜನ ಹೆಸರು ಹೇಳಿದೆ. "ಅವರ ಹೆಂಡ್ತಿ ಏನಂದ್ರಂತೆ?" ಎಂದಳು.

ತರಗತಿಯಲ್ಲಿ ಹುಡುಗರದು ಇನ್ನೊಂದು ಕಾಟ. "ಸರ್, ಕ್ಯಾಡ್‌ನಲ್ಲಿ ಇದೆಲ್ಲ ಒಂದು ಕ್ಲಿಕ್ಕು" ಎಂದು ಮೊಬೈಲಿನಲ್ಲೇ ಏನನ್ನೋ ಗಿರ್ರನೆ ತಿರುಗಿಸಿ ತೋರಿಸುತ್ತಾರೆ. ತಿರುಗಿಸಲಿ. ಅವರಲ್ಲಿ ಒಬ್ಬನೂ ಅಟ್ಟ ಹತ್ತಿದವನಲ್ಲ. ಆದರೆ ಪ್ಯಾಟರ್ನ್ ಶಾಪಿನ ಒಬ್ಬ ಹುಡುಗ ತೋರಿಸಿದ ಸ್ಕೇಲು ನನಗೆ ಬಹಳ ಹಿಡಿಸಿತು. ಎರಕದ ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. ಅದಕ್ಕೇ ಅಚ್ಚಿನ ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿಸಲ ಲೆಕ್ಕ ಹಾಕುವುದೇಕೆಂದು ಸ್ಕೇಲಿನ ಸೆಂಟಿಮೀಟರುಗಳನ್ನೇ ಅಷ್ಟಷ್ಟು ಹಿಗ್ಗಿಸಿ ಗುರುತು ಹಾಕಿರುತ್ತಾರೆ. ಕಾನೂನುಬದ್ಧವಾಗಿ ತಪ್ಪು ಲೆಕ್ಕ ತೋರಿಸುವ ಸಾಧನವೊಂದು ಇದೆಯೆಂದು ಬ್ಯಾಂಕಿನಲ್ಲಿದ್ದಾಗ ಯಾರೂ ಹೇಳಿರಲಿಲ್ಲ.

ಕಾಣದ ಅಂಚುಗಳನ್ನು ತುಂಡುಗೆರೆಯಲ್ಲಿ ತೋರಿಸಬೇಕೆಂಬ ಪಾಠವಾದ ದಿನ, ನಿಮ್ಮ ಊರಿನ ನೋಟವೊಂದನ್ನು ಬರೆಯಿರಿ ಎಂದರು. ಭದ್ರಾವತಿಯ ಹುಡುಗನೊಬ್ಬ ಕಾಗದದ ಕಾರ್ಖಾನೆಯನ್ನು ಪೂರ್ತಿ ತುಂಡುಗೆರೆಯಲ್ಲಿ ಬರೆದಿದ್ದ. 1936ರಲ್ಲಿ ಹುಟ್ಟಿದ ಎಂ.ಪಿ.ಎಂ. ಅದು; 2015ರಲ್ಲಿ ಉತ್ಪಾದನೆ ನಿಂತಿತು. 1923ರಿಂದ ಕಬ್ಬಿಣ ಕಾಯಿಸಿದ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಿ.ಐ.ಎಸ್.ಎಲ್. ಅನ್ನು ಅರ್ಧ ತುಂಬುಗೆರೆಯಲ್ಲಿ, ಅರ್ಧ ತುಂಡುಗೆರೆಯಲ್ಲಿ ಬರೆದಿದ್ದ. ಮುಚ್ಚುತ್ತೇವೆ ಎಂದು 2023ರಲ್ಲಿ ಹೇಳಿದ ಮೇಲೂ ಕಾರ್ಮಿಕರು ಬಿಡದೆ ಹೋರಾಡಿದ ಕಾರ್ಖಾನೆ. ಅವನಪ್ಪ ಯಾವುದರಲ್ಲಿದ್ದರೆಂದು ಯಾರೂ ಕೇಳಲಿಲ್ಲ. ಮೇಡಂ ಸ್ವಲ್ಪ ಹೊತ್ತು ನೋಡಿ, ಸೆಂಟರ್ ಲೈನ್ ಹಾಕಿಲ್ಲವೆಂದು ಒಂದು ಅಂಕ ಕಳೆದರು. ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿಯಾಗಿತ್ತು. ಸಿಟ್ಟು ಇನ್ನೂ ಹೆಚ್ಚಾಯಿತು. ಆ ಭಾನುವಾರ ಮನೆಗೆ ಹೋಗುವಾಗ ಸೆಲ್ಯೂಟಿಗೆ ತಿರುಗಿ ಸೆಲ್ಯೂಟು ಹೊಡೆಯಲಿಲ್ಲ.

ಇತ್ತ ಮನೆಯಲ್ಲಿ ಹೊಸ ಈಳಿಗೆಮಣೆಯ ಬೇಡಿಕೆ ಕಾವೇರಿತ್ತು. ಅಂಗಡಿಯದು ಆಗದು, ತವರಿನದರಂತೆಯೇ ಬೇಕು. ಕೈಯಲ್ಲಿ ಡ್ರಾಯಿಂಗಿರುವಾಗ ಭಯವೇನು? ಮೇಲಿನ ನೋಟದ ಆ ಗೀಟನ್ನು ಬಿಟ್ಟು, ಮುಂದಿನದು ಮತ್ತು ಪಕ್ಕದ್ದು ಎರಡನ್ನೇ ನೀಟಾಗಿ ಶೀಟಿಗಿಳಿಸಿ, ಇಲ್ಲೇ ಹಿಂದಿನ ಬೀದಿಯ ಒಂದು ಶೆಡ್ಡಿಗೆ ಕೊಟ್ಟೆ. ಮೇಸ್ತ್ರಿ ನೋಡಿ, "ಬಹಳ ಕ್ಲೀನಾಗಿದೆ ಸಾರ್" ಎಂದ. ಡ್ರಾಯಿಂಗಿನ ವಿಷಯದಲ್ಲಿ ನನ್ನನ್ನು ಹೊಗಳಿದ ಮೊದಲ ಮನುಷ್ಯ. ಅವನ ಶೆಡ್ಡಿಗೆ ಬರುವ ಡ್ರಾಯಿಂಗುಗಳೆಲ್ಲ ಅಮೆರಿಕದ ಗಿರಾಕಿಗಳವು ಎಂಬುದು ತಿಳಿದದ್ದು ಆಮೇಲೆ. ಎಡದ ನೋಟವನ್ನು ನಿಯಮದಂತೆ ಬಲಕ್ಕೆ ಬರೆದಿದ್ದೆ. ಬಲಕ್ಕಿದೆ ಎಂದಮೇಲೆ ಬಲದಿಂದ ನೋಡಿದ್ದೇ ಎಂದು ಅವನು ತಿಳಿದ. ಮೂಲೆಯಲ್ಲಿ ಆ ಬಕೆಟ್ಟು ಇರಲಿಲ್ಲ.

ಈಳಿಗೆ ಬಂತು. ತೇಗದ ಮಣೆ, ಹೊಳೆಯುವ ಅಲಗು, ಅಳತೆಯಲ್ಲಿ ಕೂದಲೆಳೆಯಷ್ಟೂ ಲೋಪವಿಲ್ಲ. ಆದರೆ ಅಲಗು ಎಡಕ್ಕಿತ್ತು. ಹೆಂಡತಿ ಅದರ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಪಾದ ಊರಬೇಕಾದಲ್ಲಿ ಅಲಗು. ನನ್ನನ್ನು ಒಮ್ಮೆ ಮುಂದಿನಿಂದ, ಒಮ್ಮೆ ಪಕ್ಕದಿಂದ ನೋಡಿದಳು. ಮೂರನೆಯ ನೋಟಕ್ಕೆ ನಾನು ಕಾಯಲಿಲ್ಲ.

ಪುಣ್ಯಕ್ಕೆ ಆ ವಾರ ತೀರ್ಥಹಳ್ಳಿಯಿಂದ ನಾದಿನಿ ಬಂದಳು. ಅವಳು ಎಡಚಿ. ಹಾಗೇ ಕೂತು, ಒಂದು ಇಡೀ ಮೊಗೆಕಾಯಿ ಹೆಚ್ಚಿ, ಒಂದು ಕಾಯಿ ತುರಿದು, "ಎಡಗೈಯವರಿಗೆ ಅಂತ್ಲೇ ಮಾಡ್ಸಿದ್ದಾ ಭಾವ?" ಎಂದಳು.

"ಮತ್ತೆ?" ಎಂದೆ.

ಈಗ ಅವಳ ಓರಗಿತ್ತಿಯ ಮಗಳಿಗೂ ಅಂಥದ್ದೇ ಒಂದು ಬೇಕಂತೆ. ಅದೇ ಶೆಡ್ಡು, ಅದೇ ಮೇಸ್ತ್ರಿ. ಶೀಟು ಸಿದ್ಧವಾಗಿದೆ. ಈ ಸಲ ಬಕೆಟ್ಟಿನ ಸಂಕೇತ ಹಾಕಿದರೆ ಅಲಗು ಬಲಕ್ಕೆ ಬಂದುಬಿಡುತ್ತದೆ, ಹಾಕದಿದ್ದರೆ ಮೇಡಂ ಅಂಕ ಕಳೆಯುತ್ತಾರೆ. ಏನು ಮಾಡಲಿ ಎಂದು ಅವರನ್ನೇ ಕೇಳೋಣವೆಂದರೆ, ಪ್ರಶ್ನೆಯನ್ನು ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ.